ರಾತ್ರಿಯಿಡೀ ನಡೆದ ಪಾಠ



1965ರ ಮಾರ್ಚ್. ಉತ್ತರ ವಿಯೆಟ್ನಾಂ ಮೇಲೆ ಅಮೆರಿಕದ ಬಾಂಬ್ ದಾಳಿ ಬಿರುಸಾಗಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಕೆಲವು ಅಧ್ಯಾಪಕರು, ಒಂದು ದಿನ ಪಾಠ ನಿಲ್ಲಿಸಿ ಯುದ್ಧದ ಬಗ್ಗೆ ಮಾತಾಡುತ್ತೇವೆ ಎಂದರು. ರಾಜ್ಯದ ಗವರ್ನರ್, ಶಾಸಕರು ಸಿಟ್ಟಾದರು. ಆಗ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ಬೇರೆ ದಾರಿ ಸೂಚಿಸಿದರು: ಪಾಠ ನಿಲ್ಲಿಸುವುದು ಬೇಡ, ಇನ್ನಷ್ಟು ಮಾಡೋಣ, ರಾತ್ರಿಯಿಡೀ.

ಮಾರ್ಚ್ 24ರ ರಾತ್ರಿ, ವಿಶ್ವವಿದ್ಯಾಲಯವಿರುವ ಆನ್ ಆರ್ಬರ್‌ನ ಏಂಜೆಲ್ ಹಾಲ್‌ಗೆ ಸುಮಾರು 3,000 ಮಂದಿ ಬಂದರು. ಉಪನ್ಯಾಸ, ಆಮೇಲೆ ಗುಂಪು ಗುಂಪಾಗಿ ಚರ್ಚೆ, ಬೆಳಗಾಗುವ ತನಕ. ನಡುವೆ ಬಾಂಬ್ ಬೆದರಿಕೆ ಬಂತು. ಸಭಾಂಗಣ ತೆರವು ಮಾಡಿ ಎಲ್ಲರೂ ಕೊರೆಯುವ ಚಳಿಯಲ್ಲಿ ಹೊರಗೆ ನಿಂತರು. ಹಾಸ್ಟೆಲ್ ಹುಡುಗಿಯರಿಗೆ ಅಂದು ರಾತ್ರಿ ಹೊರಗಿರಲು ವಿಶೇಷ ಅನುಮತಿ ಸಿಕ್ಕಿತ್ತು. ಯುದ್ಧವನ್ನು ಬೆಂಬಲಿಸುವ ವಿದ್ಯಾರ್ಥಿಗಳೂ ಫಲಕ ಹಿಡಿದು ಬಂದಿದ್ದರು.

ಆ ಸಭೆಯಲ್ಲಿದ್ದ ಹುಡುಗರ ಸ್ಥಿತಿ ನೆನೆದರೆ ಮನಸ್ಸು ಕಲಕುತ್ತದೆ. ಹದಿನೆಂಟೂವರೆ ತುಂಬಿದರೆ ಸೇನೆ ಅವರನ್ನು ಕಡ್ಡಾಯ ಸೇವೆಗೆ ಕರೆಯಬಹುದಿತ್ತು. ಮತ ಹಾಕಲು ಮಾತ್ರ 21 ತುಂಬಬೇಕಿತ್ತು. ಅವರ ಪಾಲಿಗೆ ರಾಜಕೀಯ ಪ್ರಾಣದ ಪ್ರಶ್ನೆ. ಅಂಥ ಹೊತ್ತಿನಲ್ಲಿ ಮೇಷ್ಟ್ರುಗಳು ಅವರ ಜೊತೆ ಎದ್ದಿದ್ದರಲ್ಲ, ಅದು ನನಗೆ ದೊಡ್ಡದು. ನಮ್ಮಲ್ಲಿ 1989ರಿಂದ 18ರವರಿಗೂ ಮತವಿದೆ. ಆದರೂ ಬಜೆಟ್, ಮೀಸಲಾತಿ, ಕಾವೇರಿಯ ಮಾತೆತ್ತಿದರೆ, 'ನಿನಗ್ಯಾಕೆ, ಓದ್ಕೋ' ಎನ್ನುತ್ತೇವೆ. ಇದೂ ಓದೇ ಅಲ್ಲವೇ?

ಮಿಷಿಗನ್‌ನ ಆ ಪಾಠ ಕೆಲವೇ ವಾರಗಳಲ್ಲಿ ಹತ್ತಾರು ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಮೇ ತಿಂಗಳಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಒಂದು ಹಗಲು, ಒಂದು ರಾತ್ರಿಗೂ ಮೀರಿ ಚರ್ಚಿಸಿದರು.