ಕಹಿಯಾದ ಸಜ್ಜೆ ಹಿಟ್ಟು

ಮಕ್ಕಳೇ, ಅಹಮದಾಬಾದಿನ ವಸ್ತ್ರಾಪುರಕ್ಕೆ ನಾವು ಬಂದ ಮೊದಲ ಚಳಿಗಾಲ ಅದು. ಪಕ್ಕದ ಮನೆಯ ಅಜ್ಜಿಯನ್ನು ಎಲ್ಲರೂ 'ಬಾ' ಎನ್ನುತ್ತಿದ್ದರು. ಗುಜರಾತಿಯಲ್ಲಿ ಹಾಗೆಂದರೆ ಅಮ್ಮ. ಒಂದು ಸಂಜೆ ಅವರು ನಮ್ಮ ಬಾಗಿಲಿಗೆ ಬಂದು 'ಬಾಜ್ರಿನೊ ಲೋಟ್' ಬೇಕೆಂದರು. ನಾನು ಒಳಗೆ ಹೋಗಿ ತೊಳೆದ ಸ್ಟೀಲ್ ಲೋಟ ತಂದು ಕೊಟ್ಟೆ. ಬಾ ಲೋಟವನ್ನೂ ನನ್ನನ್ನೂ ನೋಡಿ ನಕ್ಕಿದ್ದೇ ನಕ್ಕಿದ್ದು. ಗುಜರಾತಿಯಲ್ಲಿ ಲೋಟ್ ಅಂದರೆ ಹಿಟ್ಟು. ಬಾಜ್ರಿ ಅಂದರೆ ನಮ್ಮ ಸಜ್ಜೆ.

ಹಿಟ್ಟೂ ನನ್ನ ಹತ್ತಿರ ಇತ್ತು. ಒಂದೇ ಸಲಕ್ಕೆ ಐದು ಕಿಲೋ ತಂದು ಡಬ್ಬಿಗೆ ಸುರಿದು ಮೂರು ವಾರವಾಗಿತ್ತು. ಬಾ ಒಂದು ಚಿಟಿಕೆ ತೆಗೆದುಕೊಂಡು ಮೂಸಿದರು, ನಾಲಿಗೆಗೆ ಹಚ್ಚಿದರು, ಮುಖ ಕಿವುಚಿದರು. "ಕಡ್ವೊ!" ಕಹಿ. ಒಂದು ವಾರದಿಂದ ನನ್ನ ರೊಟ್ಟಿ ಕಹಿಯಾಗುತ್ತಿದ್ದದ್ದು ಹೆಂಚು ಹೆಚ್ಚು ಕಾದದ್ದರಿಂದ ಎಂದುಕೊಂಡಿದ್ದೆ. ಪಾಪ, ಹೆಂಚಿನ ತಪ್ಪೇನೂ ಇರಲಿಲ್ಲ.

ಬಾ ನನ್ನನ್ನು ತಮ್ಮ ಅಡುಗೆಮನೆಗೆ ಕರೆದೊಯ್ದರು. ಮೂಲೆಯಲ್ಲಿ ಸಣ್ಣ ಕಪಾಟಿನಂಥ ಯಂತ್ರ. ಅದರ ಹೆಸರು 'ಘರ್‌ಘಂಟಿ'. ಬಾರಿಸುವ ಗಂಟೆಯಲ್ಲ, ಮನೆಯ ಗಿರಣಿ. ಗುಜರಾತಿನ ಎಷ್ಟೋ ಮನೆಗಳಲ್ಲಿ ಇದಿದೆ. ಆ ದಿನ ಕೆಟ್ಟು ಕೂತಿತ್ತು, ಅದಕ್ಕೇ ಅವರು ಹಿಟ್ಟು ಕೇಳಿ ಬಂದದ್ದು. ಮಾರನೆಯ ದಿನ ರಿಪೇರಿಯಾಯಿತು. ಮೇಲಿನಿಂದ ಎರಡು ಬೊಗಸೆ ಸಜ್ಜೆ ಸುರಿದರು. ಗರಗರ ಸದ್ದು. ಕೆಳಗಿನ ಡಬ್ಬಿಯಲ್ಲಿ ಬೂದುಬಣ್ಣದ ಹಿಟ್ಟು, ಮುಟ್ಟಿದರೆ ಬೆಚ್ಚಗೆ. ಅವರ ಲೆಕ್ಕ ಸರಳ: ಸಜ್ಜೆ ಕಾಳನ್ನು ತಿಂಗಳುಗಟ್ಟಲೆ ಇಡು, ಹಿಟ್ಟನ್ನು ಮಾತ್ರ ಬೇಕಾದಷ್ಟೇ ಬೀಸು.

ಕಾಳು ಕೆಡದೆ ಹಿಟ್ಟು ಏಕೆ ಕೆಡುತ್ತದೆ? ಒಂದು ಸಜ್ಜೆ ಕಾಳನ್ನು ಅಂಗೈ ಮೇಲಿಟ್ಟು ನೋಡಿ. ಒಂದು ತುದಿ ದುಂಡು, ಇನ್ನೊಂದು ಚೂಪು. ಚೂಪು ತುದಿಯ ಕಡೆ ಮೊಳಕೆಯ ಮರಿ ಮಲಗಿದೆ. ಮಳೆ ಬಂದ ದಿನ ಅದು ಎದ್ದು ಬೇರು ಬಿಡಬೇಕು. ಸ್ವಂತ ಎಲೆ ಬಂದು ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುವವರೆಗೆ ಉಣ್ಣಲು ಬುತ್ತಿ ಬೇಕಲ್ಲ? ತಾಯಿಗಿಡ ಕಾಳಿನೊಳಗೇ ಪಿಷ್ಟವನ್ನೂ ಎಣ್ಣೆಯನ್ನೂ ಕಟ್ಟಿಟ್ಟಿರುತ್ತದೆ. ಸಜ್ಜೆಯಲ್ಲಿ ಮೊಳಕೆಯ ಭಾಗ ದೊಡ್ಡದು, ಎಣ್ಣೆಯೂ ಜಾಸ್ತಿ: 100 ಗ್ರಾಂ ಕಾಳಿನಲ್ಲಿ ಸುಮಾರು 5 ಗ್ರಾಂ. ಗೋಧಿಯಲ್ಲಿ ಅದರ ಅರ್ಧವೂ ಇಲ್ಲ.

ಬುತ್ತಿ ಬಿಚ್ಚಲು ಒಂದು ಕತ್ತರಿಯೂ ಕಾಳಿನಲ್ಲಿದೆ. ಲೈಪೇಸ್ ಎಂಬ ಕಿಣ್ವ. ಎಣ್ಣೆಯನ್ನು ಕತ್ತರಿಸಿ ಕೊಬ್ಬಿನಾಮ್ಲಗಳಾಗಿ ಮಾಡುವುದು ಅದರ ಕೆಲಸ. ಕಾಳು ಇಡಿಯಾಗಿರುವಾಗ ಎಣ್ಣೆ ಒಂದು ಕಡೆ, ಕತ್ತರಿ ಒಂದು ಕಡೆ. ಬೀಸಿದ ಕೂಡಲೇ ಗೋಡೆಗಳೆಲ್ಲ ಒಡೆದು ಎರಡೂ ಬೆರೆಯುತ್ತವೆ. ಜೊತೆಗೆ ಗಾಳಿಯ ಆಮ್ಲಜನಕವೂ ಬಂದು ಸೇರುತ್ತದೆ. ಕೆಲವೇ ದಿನಗಳಲ್ಲಿ ಕಮಟು ವಾಸನೆ, ಕಹಿ ರುಚಿ. ಸೆಕೆಗಾಲದಲ್ಲಂತೂ ಇನ್ನೂ ಬೇಗ.

ಹಾಗಾದರೆ ಅಂಗಡಿಯ ಮೈದಾ ತಿಂಗಳುಗಟ್ಟಲೆ ಕೆಡದೆ ಇರುವುದು ಹೇಗೆ? ದೊಡ್ಡ ಗಿರಣಿಗಳಲ್ಲಿ ಉರುಳೆಗಳ ನಡುವೆ ಗೋಧಿಯನ್ನು ಒಡೆದು, ಜರಡಿ ಹಿಡಿದು, ಮೊಳಕೆಯನ್ನೂ ತೌಡನ್ನೂ ಬೇರೆ ಮಾಡಿಬಿಡುತ್ತಾರೆ. ಎಣ್ಣೆಯೇ ಹೋದ ಮೇಲೆ ಕಹಿಯಾಗುವುದೇನು? ಜಾಣತನವೇ ಸರಿ. ಆದರೆ ಆ ಎಣ್ಣೆಯ ಜೊತೆ ನಾರು, ಕಬ್ಬಿಣ, ಬಿ ಜೀವಸತ್ವಗಳು ಬಹುಪಾಲು ಹೊರಟುಹೋಗುತ್ತವೆ. 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಬಿಸ್ಕತ್ತು, ಕೇಕು, ನೂಡಲ್ಸ್ ಹೆಚ್ಚಾಗಿ ಈ ಮೈದಾದವೇ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ಇಂಥ ಕಾರ್ಖಾನೆ ತಿನಿಸುಗಳ ಬಗ್ಗೆ ಚಂದದ ಪ್ರಯೋಗ ಮಾಡಿದರು. 2019ರಲ್ಲಿ ಅದು ಪ್ರಕಟವಾಯಿತು. 20 ಜನರನ್ನು ನಾಲ್ಕು ವಾರ ಅಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ತಾಜಾ ಅಡುಗೆ ಬಡಿಸಿದರು. ಎಷ್ಟು ಬೇಕಾದರೂ ತಿನ್ನಿ ಎಂದರು. ಬಡಿಸಿದ ಊಟಗಳಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಹೆಚ್ಚುಕಡಿಮೆ ಸಮ. ಆದರೂ ಕಾರ್ಖಾನೆಯ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಅಂದರೆ ಐದಾರು ಫುಲ್ಕಾದಷ್ಟು. ತಿನ್ನುವ ವೇಗವೂ ಹೆಚ್ಚಿತ್ತು. ಮೆತ್ತಗಿನ ತಿನಿಸು ಬೇಗ ಗಂಟಲಿಗಿಳಿಯುತ್ತದೆ, ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ತಲುಪಲು ಹೊತ್ತು ಬೇಕು. ಇದೂ ಒಂದು ಕಾರಣ ಇರಬಹುದು ಎನ್ನುತ್ತಾರೆ. ಸಜ್ಜೆ ರೊಟ್ಟಿಯನ್ನು ಹಾಗೆ ನುಂಗಲು ಹೋಗಿ ನೋಡಿ!

ಬಹಳ ದಿನ ಬಾಳುವುದೆಲ್ಲ ಕೆಟ್ಟದ್ದೆಂದು ತಿಳಿಯಬೇಡಿ, ಅದು ಅವಸರದ ಮಾತು. ಗುಜರಾತಿನ ಖಾಖ್ರಾ ವಾರಗಟ್ಟಲೆ ಇರುತ್ತದೆ, ವಿಜಯಪುರದ ಕಡೆಯ ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿಯೂ ಇರುತ್ತದೆ. ಅಲ್ಲಿ ಏನನ್ನೂ ಕಿತ್ತು ಬಿಸಾಡಿಲ್ಲ. ಬೆಂಕಿಯ ಬಿಸಿಗೆ ಲೈಪೇಸ್ ಕತ್ತರಿ ಮೊಂಡಾಗಿದೆ, ನೀರಿನಂಶ ಹಾರಿ ಬೂಷ್ಟಿಗೆ ಜಾಗವಿಲ್ಲದಂತಾಗಿದೆ, ಅಷ್ಟೇ. ಇಂಥ ಅಡುಗೆಗಳ ಮೇಲೆ ಪ್ರೀತಿಯಿರುವವರು ನಮ್ಮ ವಸ್ತ್ರಾಪುರದಲ್ಲೂ ಇದ್ದಾರೆ. ಇಲ್ಲಿನ ಐಐಎಂ ಎಂಬ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅನಿಲ್ ಗುಪ್ತಾ ಅವರು 1993ರಲ್ಲಿ 'ಸೃಷ್ಟಿ' ಎಂಬ ಸಂಸ್ಥೆ ಕಟ್ಟಿದರು. ಅದು ಅಹಮದಾಬಾದಿನಲ್ಲಿ 'ಸಾತ್ವಿಕ್' ಎಂಬ ಆಹಾರ ಮೇಳ ನಡೆಸುತ್ತ ಬಂದಿದೆ. ಪೇಟೆ ಮರೆತ ಧಾನ್ಯಗಳ ತಿನಿಸುಗಳನ್ನು ಅಲ್ಲಿ ಹಳ್ಳಿಯವರ ಕೈರುಚಿಯಲ್ಲೇ ಉಣ್ಣಬಹುದು.

ಈಗ ನಿಮಗೊಂದು ಕೆಲಸ. ಮನೆಯಲ್ಲಿ ಕೇಳಿ, ಸಜ್ಜೆಯನ್ನು ಹೊಸದಾಗಿ ಬೀಸಿಸಿ ತನ್ನಿ. ಎರಡು ಪುಟ್ಟ ಡಬ್ಬಿಗಳಲ್ಲಿ ನಾಲ್ಕು ನಾಲ್ಕು ಚಮಚ ಹಿಟ್ಟು ಹಾಕಿ. ಒಂದನ್ನು ಫ್ರಿಜ್ಜಿನಲ್ಲಿಡಿ, ಇನ್ನೊಂದನ್ನು ಒಲೆಯ ಹತ್ತಿರದ ಗೂಡಿನಲ್ಲಿ. ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ. ಯಾವ ಡಬ್ಬಿಯ ವಾಸನೆ ಯಾವ ದಿನ ಬದಲಾಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಉಳಿದ ಹಿಟ್ಟನ್ನು ಅಷ್ಟು ದಿನ ಕಾಯಿಸಬೇಡಿ, ಅವತ್ತೇ ರೊಟ್ಟಿ ಬಡಿಸಿಕೊಂಡು ಬೆಣ್ಣೆ ಹಚ್ಚಿ ತಿಂದುಬಿಡಿ.