ಖರ್ಚಿಲ್ಲದೆ ಕಂಡ ಲಂಡನ್
(ಚಿಕ್ಕಬಳ್ಳಾಪುರದಲ್ಲಿ ಮಾಡಿದ ಭಾಷಣ)

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಒಂದು ದಿನ ಅವಳು ಕೆಲಸಕ್ಕೆ ಹೊರಡುತ್ತಾ, "ಅಪ್ಪಾ, ದುಡ್ಡು ಕೊಡದೆ ನೋಡುವಂಥದ್ದು ಇಲ್ಲಿ ಬೇಕಾದಷ್ಟಿದೆ, ಹೋಗಿ ಬನ್ನಿ" ಎಂದಳು. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಕೆಂಪು ಬಸ್ಸು ಹತ್ತಿದೆ.

ಸೌತ್ ಕೆನ್ಸಿಂಗ್ಟನ್ನಿನಲ್ಲಿ ಮೂರು ದೊಡ್ಡ ವಸ್ತುಸಂಗ್ರಹಾಲಯಗಳು ಅಕ್ಕಪಕ್ಕದಲ್ಲೇ ಇವೆ. 2001ರಿಂದ ಅವುಗಳ ಕಾಯಂ ಸಂಗ್ರಹ ನೋಡಲು ಶುಲ್ಕವಿಲ್ಲ. ಅವುಗಳಲ್ಲಿ ಒಂದಾದ ವಿಕ್ಟೋರಿಯಾ ಅಂಡ್ ಆಲ್ಬರ್ಟಿನಲ್ಲಿ ಟಿಪ್ಪುವಿನ ಮರದ ಹುಲಿಯಿದೆ. ಐರೋಪ್ಯನೊಬ್ಬನ ಮೇಲೆ ಎರಗಿದ ಅದರ ಹೊಟ್ಟೆಯೊಳಗೆ ಆರ್ಗನ್ ವಾದ್ಯ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುವಂತೆ ಮಾಡಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಒಯ್ದದ್ದು.

ಪಕ್ಕದಲ್ಲಿ ನಿಂತಿದ್ದ ವೃದ್ಧೆಯೊಬ್ಬರು ನನ್ನ ಊರು ಕೇಳಿದರು. ನಂದಿಬೆಟ್ಟದ ಹತ್ತಿರ ಎಂದೆ. "ಅಲ್ಲಿಯೂ ಟಿಪ್ಪುವಿನ ಕೋಟೆ ಇತ್ತಲ್ಲವೇ? ಏನಾಯಿತು?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಎಷ್ಟೋ ಸಲ ಬೆಟ್ಟ ಹತ್ತಿದವನು ಮಂಜು ನೋಡಿ, ಕಡಲೆಪುರಿ ತಿಂದು ಇಳಿದಿದ್ದೆ! 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಆ ಕೋಟೆಗೆ ಮುತ್ತಿಗೆ ಹಾಕಿ ಗೆದ್ದಿತೆಂದು ಊರಿಗೆ ಮರಳಿದ ಮೇಲೆ ಓದಿ ತಿಳಿದೆ.

ಬೆಟ್ಟದ ಬುಡದ ಭೋಗನಂದೀಶ್ವರ ದೇವಾಲಯಕ್ಕೆ ಸಾವಿರ ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನವರು ಒಂದೇ ದಿನದಲ್ಲಿ ಕೋಟೆ, ಗುಡಿ ಎರಡನ್ನೂ ನೋಡಿ ಬರಬಹುದು. ಹೋಗುವ ಮುನ್ನ ನಾಲ್ಕು ಪುಟ ಓದಿಕೊಳ್ಳಿ. ಊರಾಗಲಿ ಪರದೇಶವಾಗಲಿ, ಕಡಿಮೆ ಖರ್ಚಿನಲ್ಲಿ ಹೆಚ್ಚು ಕಾಣಲು ಬೇರೆ ಉಪಾಯವಿಲ್ಲ.