ಬೇಯದೆ ಗಟ್ಟಿಯಾದ ಮಣ್ಣು

ಕನ್ನಡದ ನುಡಿಗಟ್ಟುಗಳಲ್ಲಿ ಮಣ್ಣಿಗೆ ಮರ್ಯಾದೆ ಕಡಮೆ. ಕೆಟ್ಟುಹೋದ ಕೆಲಸವನ್ನು ಮಣ್ಣುಪಾಲಾಯಿತು ಎನ್ನುತ್ತೇವೆ. ಸೋತವನನ್ನು ಮಣ್ಣು ಮುಕ್ಕಿದ ಎನ್ನುತ್ತೇವೆ. ಮನೆಯ ವಿಷಯಕ್ಕೆ ಬಂದರಂತೂ ಹಿಂದಿಯಿಂದ ಎರವಲು ತಂದ ಎರಡು ಮಾತುಗಳು ತೀರ್ಪು ಹೇಳಿಬಿಡುತ್ತವೆ: ಕಚ್ಚಾ ಮತ್ತು ಪಕ್ಕಾ. ಪಕ್ಕಾ ಎಂಬುದು ಪಕ್ವ ಶಬ್ದದ ತದ್ಭವ, ಅಂದರೆ ಬೆಂದದ್ದು. ಕಚ್ಚಾ ಎಂದರೆ ಹಸಿ. ಬೆಂದದ್ದು ಗಟ್ಟಿ, ಬೇಯದ್ದು ಟೊಳ್ಳು ಎಂಬ ನಂಬಿಕೆ ಶಬ್ದದೊಳಗೇ ಅಡಗಿದೆ. 2011ರ ಜನಗಣತಿಯ ವರ್ಗೀಕರಣದಲ್ಲಿಯೂ ಸುಟ್ಟ ಇಟ್ಟಿಗೆಯ ಗೋಡೆ ಶಾಶ್ವತ ವಸ್ತುಗಳ ಸಾಲಿಗೆ ಸೇರಿತು. ಮಣ್ಣು ಮತ್ತು ಸುಡದ ಇಟ್ಟಿಗೆ ತಾತ್ಕಾಲಿಕದ ಸಾಲಿಗೆ.

ನಾನು ಎಂಜಿನಿಯರನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಶಬ್ದಗಳ ತೀರ್ಪನ್ನು ಪ್ರಶ್ನಿಸುವ ಒಂದು ಕಟ್ಟಡ ಸಾಮಗ್ರಿ ನಮ್ಮ ಬೆಂಗಳೂರಿನಲ್ಲಿಯೇ ರೂಪುಗೊಂಡಿತೆಂಬುದು ನನ್ನ ಕುತೂಹಲವನ್ನು ಕೆರಳಿಸಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗಳಿಗೆ ವಿಜ್ಞಾನದ ಪ್ರಯೋಜನ ದೊರೆಯಬೇಕೆಂಬುದು ಅದರ ಉದ್ದೇಶ. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿನ ಇಟ್ಟಿಗೆಯನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಮಣ್ಣನ್ನು ಯಂತ್ರದಲ್ಲಿ ಒತ್ತುವ ಕಲ್ಪನೆ ಅದಕ್ಕೂ ಹಿಂದಿನದು; 1950ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ ರಾವುಲ್ ರಾಮಿರೆಜ್ ಎಂಬ ಎಂಜಿನಿಯರ್ ಕೈಯಿಂದ ನಡೆಸುವ ಅಂಥ ಯಂತ್ರವೊಂದನ್ನು ರೂಪಿಸಿದ್ದರು. ಇಲ್ಲಿಯವರು ಅದನ್ನು ನಮ್ಮ ಮಣ್ಣಿನ ಗುಣಕ್ಕೂ ನಮ್ಮ ಕೂಲಿಕಾರರ ಕೈಗೂ ಒಗ್ಗುವಂತೆ ಬೆಳೆಸಿದರು.

ವಿಧಾನ ಸರಳ. ಪಾಯದಿಂದ ತೆಗೆದ ಕೆಮ್ಮಣ್ಣನ್ನು ಜರಡಿಯಾಡಿ, ಜೇಡಿ ಹೆಚ್ಚಿದ್ದರೆ ಮರಳು ಬೆರೆಸಿ, ನೂರಕ್ಕೆ ಆರೇಳು ಪಾಲು ಸಿಮೆಂಟು ಸೇರಿಸಿ, ತೇವ ಮಾಡಿ, ಯಂತ್ರದ ಸನ್ನೆಯಿಂದ ಅದುಮುತ್ತಾರೆ. ಹೊರಬಂದ ಇಟ್ಟಿಗೆಯನ್ನು ನೆರಳಿನಲ್ಲಿ ಪೇರಿಸಿ, ಮೂರು ನಾಲ್ಕು ವಾರ ನೀರು ಚಿಮುಕಿಸುತ್ತ ಕಾಯುತ್ತಾರೆ. ಇಲ್ಲಿ ಬೆಂಕಿ ಮಾಡುತ್ತಿದ್ದ ಕೆಲಸವನ್ನು ಒತ್ತಡ, ಸಿಮೆಂಟು ಮತ್ತು ನೀರು ಹಂಚಿಕೊಳ್ಳುತ್ತವೆ. ಇದೂ ಒಂದು ಬಗೆಯ ಪಾಕವೇ, ಒಲೆಯಿಲ್ಲದ ಪಾಕ.

ಇದರ ಉಳಿತಾಯ ಸಣ್ಣದಲ್ಲ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸುಟ್ಟ ಇಟ್ಟಿಗೆಯ ಒಂದು ಘನ ಮೀಟರ್ ಗೋಡೆಗೆ ಸುಮಾರು 2,140 ಮೆಗಾಜೂಲ್ ಶಕ್ತಿ ವ್ಯಯವಾಗುತ್ತದೆ. ಒತ್ತಿದ ಮಣ್ಣಿನ ಇಟ್ಟಿಗೆಯ ಗೋಡೆಗೆ 650ರಿಂದ 810. ಈ ಅಂತರವೆಲ್ಲ ಗೂಡಿನಲ್ಲಿ ಉರಿದುಹೋಗುವ ಸೌದೆ ಮತ್ತು ಕಲ್ಲಿದ್ದಲಿನ ಋಣವೆಂದು ತಿಳಿಯಬಹುದು.

ನನ್ನ ಅಕ್ಕನ ಮಗ ಇಂಥ ಇಟ್ಟಿಗೆಯಿಂದ ಮನೆ ಕಟ್ಟಿಸಲು ಹೊರಟಾಗ ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. “ಮಣ್ಣಿನ ಮನೆಯಿಂದ ಹೊರಗೆ ಬರುವುದಕ್ಕೆ ಅಪ್ಪನಿಗೆ ಒಂದು ಆಯುಷ್ಯ ಹಿಡಿಯಿತು, ಇವನು ಮತ್ತೆ ಅಲ್ಲಿಗೇ ಹೋಗುತ್ತಾನಲ್ಲ” ಎಂದಳು. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಮಳೆಗಾಲದ ರಾತ್ರಿ ಗೋಡೆ ಕರಗಿ ಕುಸಿದದ್ದನ್ನು ಅವಳು ಕಣ್ಣಾರೆ ಕಂಡವಳು. ಹುಡುಗ ವಾದಕ್ಕಿಳಿಯದೆ, ಹದವಾದ ಒಂದು ಇಟ್ಟಿಗೆಯನ್ನು ಹಿತ್ತಲ ನೀರಿನ ತೊಟ್ಟಿಗೆ ಹಾಕಿದ. ವಾರ ಕಳೆದರೂ ಅದು ಕರಗಲಿಲ್ಲ. ಅಕ್ಕ ಒಪ್ಪಿದಳು, ಆದರೆ ಒಂದು ಕರಾರಿನ ಮೇಲೆ: ಬೀದಿಗೆ ಕಾಣುವ ಗೋಡೆಗೆ ಗಾರೆಯಾಗಬೇಕು. ಹಾಗೆಯೇ ಆಯಿತು. ನೀರಿನ ಭಯವನ್ನು ಇಟ್ಟಿಗೆ ನಿವಾರಿಸಿತು. ನೆರೆಯವರ ಕಣ್ಣಿನ ಭಯವನ್ನು ನಿವಾರಿಸುವುದು ಅದಕ್ಕೆ ಸಾಧ್ಯವಾಗಲಿಲ್ಲ.

ಹುಡುಗ ತೊಟ್ಟಿಯಲ್ಲಿ ಮಾಡಿದ್ದನ್ನೇ ಪ್ರಯೋಗಶಾಲೆಯವರೂ ಕ್ರಮಬದ್ಧವಾಗಿ ಮಾಡುತ್ತಾರೆ. ಇಂಥ ಇಟ್ಟಿಗೆಯ ಬಲವನ್ನು ಅಳೆಯುವುದು ಅದನ್ನು ನೀರಿನಲ್ಲಿ ನೆನೆಸಿದ ಮೇಲೆ. ಅದರ ಅತ್ಯಂತ ದುರ್ಬಲ ಗಳಿಗೆಯಲ್ಲಿ ಪರೀಕ್ಷಿಸಿ ಯೋಗ್ಯತೆಯನ್ನು ನಿರ್ಧರಿಸುತ್ತಾರೆ. ಭಾರತೀಯ ಮಾನಕ ಸಂಸ್ಥೆಯೂ ಇದಕ್ಕೆ ಗುಣಮಟ್ಟದ ನಿಯಮಗಳನ್ನು ಗೊತ್ತುಮಾಡಿ, 1982ರಲ್ಲಿಯೂ 2013ರಲ್ಲಿಯೂ ಪರಿಷ್ಕರಿಸಿತು. ಮಾನದಂಡ ಬದಲಾಯಿತು, ಮನಸ್ಸಿನ ದಂಡ ಇನ್ನೂ ಹಳೆಯದೇ.

ಹಾಗೆಂದು ಎಲ್ಲ ಮಣ್ಣೂ ಇದಕ್ಕೆ ಒದಗುವುದಿಲ್ಲ. ನೀರು ಕುಡಿದು ಹಿಗ್ಗಿ, ಒಣಗಿ ಬಿರಿಯುವ ಉತ್ತರ ಕರ್ನಾಟಕದ ಎರೆಮಣ್ಣು ಬರಿಯ ಸಿಮೆಂಟಿಗೆ ಮಣಿಯದು. ಅದಕ್ಕೆ ಸುಣ್ಣ ಬೇಕು. ಸಿಮೆಂಟಿನಲ್ಲಿ ಜಿಪುಣತನ ತೋರಿದರೆ, ನೀರುಣಿಸುವ ವಾರಗಳನ್ನು ದಿನಗಳಿಗೆ ಇಳಿಸಿದರೆ ಇಟ್ಟಿಗೆ ಮೋಸ ಮಾಡುತ್ತದೆ. ಗೋಡೆಯ ಬುಡಕ್ಕೆ ಕಲ್ಲಿನ ಅಡಿಗಟ್ಟು, ತಲೆಗೆ ಚಾಚಿದ ಸೂರು ಇರಲೇಬೇಕು. ಹಳೆಯ ಮನೆ ಕಟ್ಟಿದ ಹಿರಿಯರಿಗೆ ಈ ಎರಡೂ ತಿಳಿದಿದ್ದುವು.

ವಾಸ್ತುಶಿಲ್ಪಿಗಳಿಗೆ ಹೊಸ ಹೊಸ ಸಾಮಗ್ರಿಗಳ ಪಟ್ಟಿ ದಿನವೂ ಬರುತ್ತದೆ. ಅವುಗಳಲ್ಲಿ ದೂರದಿಂದ ಬಂದು ಹೊಳೆಯುವುದನ್ನೇ ಹೊಸತೆಂದು ಎಣಿಸುವುದು ಸುಲಭ. ಕಾಲ ಕೆಳಗಿನ ಮಣ್ಣನ್ನು ಅರಿತು, ಅದರ ದೋಷವನ್ನು ತಿದ್ದಿ, ಗೋಡೆಯಾಗಿ ನಿಲ್ಲಿಸುವುದು ಅದಕ್ಕಿಂತ ಕಠಿಣವಾದ ಹೊಸತನ. ಮನೆ ಕಟ್ಟಿಸುವವರಿಗೆ ಅವರು ನಕ್ಷೆಯ ಜೊತೆಗೆ ಈ ಧೈರ್ಯವನ್ನೂ ಕೊಡಬೇಕು. ನಾವು ಭಾಷೆಯವರು ಮಾಡಬಹುದಾದ ಕೆಲಸವೂ ಒಂದಿದೆ: ಬೆಂದದ್ದೆಲ್ಲ ಪಕ್ಕಾ, ಬೇಯದ್ದೆಲ್ಲ ಕಚ್ಚಾ ಎನ್ನುವ ಮುನ್ನ ಅದನ್ನು ನೀರಿನಲ್ಲಿ ನೆನೆಸಿ ನೋಡಿದ್ದಾರೆಯೇ ಎಂದು ಕೇಳುವುದು.